ಹನ್ನೊಂದು ದಿನದ ಖಾಲಿ ಡಬ್ಬಿ

ಅವತ್ತು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುವಾಗ ಕೈ ತಾನಾಗಿಯೇ ಎರಡು ಹಿಡಿ ಹೆಚ್ಚು ಹಾಕಿಬಿಟ್ಟಿತು. ಬಾಣಲೆ ತುಂಬಿದಾಗ ನೆನಪಾಯಿತು, ಇವತ್ತಿನಿಂದ ಅಷ್ಟು ಬೇಡ. ಎದುರುಮನೆಯಲ್ಲಿ ಹಿಂದಿನ ದಿನ ಶುದ್ಧಿಯಾಗಿತ್ತು. ಹನ್ನೊಂದು ದಿನದ ಮೇಲೆ ಅವರ ಕುಕ್ಕರ್ ಕೂಗುವುದು ನನ್ನ ಅಡುಗೆಮನೆಯ ಕಿಟಕಿಗೆ ಕೇಳಿಸುತ್ತಿತ್ತು.

ಹೊಸ ತಿಪ್ಪಸಂದ್ರದ ನಮ್ಮ ಕಟ್ಟಡದಲ್ಲಿ ಮಹಡಿಗೆ ಎರಡೇ ಮನೆ. ನಮ್ಮ ಬಾಗಿಲಿಗೂ ಎದುರಿನ ಬಾಗಿಲಿಗೂ ನಡುವೆ ನಾಲ್ಕು ಹೆಜ್ಜೆ. ಎದುರುಮನೆಯಾಕೆಯ ಅತ್ತೆ ತೀರಿಕೊಂಡಾಗಿನಿಂದ ಆ ಮನೆಗೆ ಬೆಳಗಿನ ತಿಂಡಿ ನನ್ನದು, ಮಧ್ಯಾಹ್ನದ ಊಟ ಕೆಳಗಿನ ಮನೆಯವರದು ಎಂದು ಹಂಚಿಕೊಂಡಿದ್ದೆವು. ನಾನು ಸ್ಟೀಲ್ ಡಬ್ಬಿಯಲ್ಲಿ ಇಡ್ಲಿಯೋ ಉಪ್ಪಿಟ್ಟೋ ಕೊಟ್ಟು ಬರುತ್ತಿದ್ದೆ. ಸಂಜೆಗೆ ಆ ಡಬ್ಬಿ ತೊಳೆದು, ಬೋರಲು ಹಾಕಿ, ಅವರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟಿರುತ್ತಿತ್ತು. ಖಾಲಿ.

ಬೇರೆ ದಿನಗಳಲ್ಲಾದರೆ ನಮ್ಮ ಬೀದಿಯಲ್ಲಿ ಡಬ್ಬಿ ಖಾಲಿ ಹಿಂತಿರುಗುವುದಿಲ್ಲ. ಬಿಸಿಬೇಳೆಬಾತ್ ಕೊಟ್ಟ ಡಬ್ಬಿಯಲ್ಲಿ ನಾಲ್ಕು ದಿನದ ಮೇಲೆ ಹುರಿಗಡಲೆ ಚಟ್ನಿಪುಡಿ ಬರುತ್ತದೆ. ಮನೆಯಲ್ಲಿ ಏನೂ ಇಲ್ಲವೆಂದರೆ ಒಂದು ಚಮಚ ಸಕ್ಕರೆ, ಅದೂ ಇಲ್ಲವೆಂದರೆ ಒಂದು ಎಸಳು ಕರಿಬೇವು. ಸೂತಕದ ಮನೆಯಿಂದ ಮಾತ್ರ ಏನೂ ಬರಬಾರದು. ಆಗ ಖಾಲಿ ಡಬ್ಬಿಯೇ ಮರ್ಯಾದೆ. ತೆಗೆದುಕೊಂಡು ಒಳಗೆ ಬರಬೇಕು, ಅಷ್ಟೇ. ಇದನ್ನು ಯಾರೂ ನನಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಲ್ಲ. ಹಲಸೂರಿನ ನನ್ನ ತವರಿನಲ್ಲಿ ಅಮ್ಮ ಮಾಡುತ್ತಿದ್ದುದನ್ನು ನೋಡಿ ಕಲಿತಿದ್ದು.

ತಟ್ಟೆಗೆ ಉಪ್ಪಿಟ್ಟು ಹಾಕಿ ಕರೆದೆ. ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದು ಊಟದ ಮೇಜಿಗೆ ಕೂತಳು. ಅವಳಿಗೆ ಇಂದಿರಾನಗರದ ಒಂದು ಪುಟ್ಟ ಕಂಪನಿಯಲ್ಲಿ ಕೆಲಸ. ಮೊಬೈಲಿನಲ್ಲಿ ಆಡುವ ಆಟಗಳನ್ನು ಅವರು ಮಾಡುತ್ತಾರೆ. ಆಟದಲ್ಲಿ ಏನಾಗಬೇಕು, ಯಾವುದಾದ ಮೇಲೆ ಯಾವುದು ಎಂದು ಯೋಚಿಸುವುದು ಇವಳ ಕೆಲಸ. ಅವತ್ತು ಚಮಚ ಮುಟ್ಟದೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಅಮ್ಮಾ, ಇದನ್ನ ನೋಡು. ಕೂಗಾಡ್ಬೇಡ."

ನಾನು ಕೂಗಾಡುವವಳಲ್ಲ ಎಂಬುದು ಅವಳಿಗೂ ಗೊತ್ತು.

ಆಟ ನನಗೆ ಹೊಸದಲ್ಲ. ಒಂದು ಬೀದಿ, ಆಡುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಮನೆ. ಅಡುಗೆ ಮಾಡಿ ಡಬ್ಬಿಗೆ ತುಂಬಿ ಯಾರ ಮನೆಗಾದರೂ ಕಳಿಸಬಹುದು. ಅವರು ಅದಕ್ಕೆ ಮತ್ತೇನೋ ತುಂಬಿ ಮುಂದಕ್ಕೆ ಕಳಿಸುತ್ತಾರೆ. ಡಬ್ಬಿ ಬೀದಿ ಸುತ್ತುತ್ತಲೇ ಇರುತ್ತದೆ. ಚಿಕ್ಕವಳಿದ್ದಾಗ ಈ ಬೀದಿಯಲ್ಲಿ ಡಬ್ಬಿ ಹೊತ್ತು ಓಡಾಡಿದ್ದು ಇವಳೇ. ಹೋದ ವರ್ಷ ನನ್ನನ್ನು ಕೂರಿಸಿಕೊಂಡು ಒಂದೊಂದೇ ಕೇಳಿ ಬರೆದುಕೊಂಡಿದ್ದಳು. ಸಕ್ಕರೆ ಎಷ್ಟು, ಕರಿಬೇವು ಯಾವಾಗ, ಮುಚ್ಚಳ ಬದಲಾದರೆ ಏನು ಮಾಡುತ್ತೀರಿ. ಅವಳು ಮೊದಲು ಮಾಡಿದ ಆಟದಲ್ಲಿ ಒಂದು ನಿಯಮವಿತ್ತು, ಅದರ ಬಗ್ಗೆ ಅವಳಿಗೆ ಬಹಳ ಹೆಮ್ಮೆ: ಹೊಸಬರು ಮುಚ್ಚಳ ತೆಗೆದ ಕೂಡಲೇ ಹಿಂದೆ ಯಾರು ಏನು ಹಾಕಿದ್ದರು ಎಂಬುದು ಡಬ್ಬಿಗೆ ಮರೆತುಹೋಗುತ್ತಿತ್ತು.

ನಮ್ಮ ಬೀದಿಯ ಐದು ಮನೆಯ ಹೆಂಗಸರು ಮೂರು ವಾರ ಇದನ್ನು ಆಡಿ ನೋಡುವುದೆಂದು ಒಪ್ಪಿಕೊಂಡಿದ್ದೆವು. ಎದುರುಮನೆಯವರೂ ಒಬ್ಬರು. ಶುರುವಾಗಿ ಒಂದು ವಾರಕ್ಕೆ ಅವರ ಅತ್ತೆ ಹೋದರು. ಟೀವಿ ಹಾಕುವಂತಿಲ್ಲ, ಹೊರಗೆ ಹೋಗುವಂತಿಲ್ಲ, ಬಂದವರೆದುರು ಎಷ್ಟು ಹೊತ್ತೆಂದು ಕೂರುವುದು. ಮೂಲೆಯಲ್ಲಿ ಫೋನ್ ಹಿಡಿದು ಆಡುತ್ತಿದ್ದರು. ಒಂದು ದಿನ ನಾನು ತಿಂಡಿ ಕೊಡಲು ಹೋದಾಗ ಬಾಗಿಲಲ್ಲೇ ಮೆಲ್ಲಗೆ ಹೇಳಿದ್ದರು: "ಆಟದಲ್ಲೂ ಡಬ್ಬಿ ಬರ್ತಾನೇ ಇದೆ ಕಣ್ರೀ. ನಾನು ಖಾಲಿನೇ ಕಳಿಸ್ತಿದೀನಿ. ಆಟ ಆದ್ರೇನು, ಕೈ ನಂದೇ ಅಲ್ವಾ? ಸೂತಕದ ಕೈ."

ಆಗ ನನಗೆ ನಗು ಬಂದಿತ್ತು. ಸಾವಿನ ಮನೆ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ.

ಈಗ ಪರದೆಯ ಮೇಲೆ ಉದ್ದನೆಯ ಪಟ್ಟಿ. ಎಡಗಡೆ ಎದುರುಮನೆಯವರ ಹೆಸರು. ನಮ್ಮ ವಯಸ್ಸಿನವರಿಗೆ ಹೆಸರು ಬರೆಯಿರಿ ಎಂದರೆ ಬ್ಯಾಂಕಿನ ಅರ್ಜಿಗೆ ಬರೆದ ಹಾಗೆ ಬರೆಯುತ್ತೇವೆ. ಅವರ ಹೆಸರು, ಗಂಡನ ಹೆಸರು, ಮನೆ ನಂಬರ್, ಅಡ್ಡರಸ್ತೆ, ಎಲ್ಲವೂ ಇತ್ತು. ಅದರ ಮುಂದೆ ಒಂದರ ಕೆಳಗೊಂದು: ಖಾಲಿ. ಖಾಲಿ. ಖಾಲಿ. ಖಾಲಿ. ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ, 'ನಂಬಿಕೆ: ಕಡಿಮೆ'.

"ಇದೇನಿದು?"

"ಹೋದ ತಿಂಗಳು ಆಟನ ಬ್ಲಾಕ್‌ಚೈನ್ ಮೇಲೆ ಹಾಕ್ಬೇಕು ಅಂತ ಡಿಸೈಡ್ ಆಯ್ತಮ್ಮ. ಯಾವ ಡಬ್ಬಿ ಯಾರ ಕೈಲಿತ್ತು, ಏನು ಹಾಕಿದ್ರು, ಎಲ್ಲ ಬರೆದಿಟ್ಕೊಳತ್ತೆ. ಒಂದು ಕಡೆ ಅಲ್ಲ, ಸಾವಿರಾರು ಕಂಪ್ಯೂಟರಲ್ಲಿ ಒಂದೇ ಸಮ. ಯಾರ್ ಬೇಕಾದ್ರೂ ನೋಡ್ಬಹುದು, ಯಾರೂ ಬದಲಾಯಿಸೋಕಾಗಲ್ಲ."

"ಮುಚ್ಚಳ ತೆಗೆದ್ರೆ ಮರೆತುಹೋಗತ್ತೆ ಅಂದಿದ್ದೆಯಲ್ಲ?"

"ಅದನ್ನ ತೆಗೆದ್ರು."

"ನಾವು ಆಡಿದ್ದು ಬರೀ ಪರೀಕ್ಷೆಗೆ ಅಲ್ವಾ?"

ಅವಳು ಉಪ್ಪಿಟ್ಟಿನಲ್ಲಿದ್ದ ಒಣಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳಿದಳು. "ಮೊದಲು ಆಡಿದವರಿಗೆ ಗೌರವ ಅಂತ, ನಿಮ್ಮ ಐದು ಮನೆ ದಾಖಲೆನ ಹಾಗೇ ಅಸಲಿ ಆಟಕ್ಕೆ ಸೇರಿಸ್ಬಿಟ್ಟಿದ್ದಾರೆ. ನಂಗೂ ನಿನ್ನೆ ಸಂಜೆನೇ ಗೊತ್ತಾಗಿದ್ದು. ಇವತ್ತು ಆಡಿದವರ ಅಭಿಪ್ರಾಯ ಕೇಳೋ ಮೀಟಿಂಗಿದೆ. ನೀನು ಬಾ. ನಾನು ಹೇಳಿದ್ರೆ ಕೇಳ್ತಿಲ್ಲ."

ನಾನು ಸೀರೆ ಬದಲಾಯಿಸಿದೆ. ಪಿನ್ನು ಎರಡು ಸಲ ಜಾರಿ ಬಿತ್ತು. ಆ ಹೆಂಗಸು ಅತ್ತೆಯ ಹಾಸಿಗೆ ಬದಲಾಯಿಸಿದ್ದನ್ನು ನಾಲ್ಕು ವರ್ಷ ನೋಡಿದವಳು ನಾನು. ಅವರ ಹೆಸರಿನ ಮುಂದೆ ಕೆಂಪು ಅಕ್ಷರ. ಅದನ್ನು ಅಳಿಸಿಸದೆ ಮನೆಗೆ ಬರುವುದಿಲ್ಲ ಎಂದುಕೊಂಡೇ ಚಪ್ಪಲಿ ಮೆಟ್ಟಿದೆ. ಅವರ ಬಾಗಿಲು ಅರ್ಧ ತೆರೆದಿತ್ತು, ಒಳಗಿನಿಂದ ಒಗ್ಗರಣೆಯ ಇಂಗಿನ ವಾಸನೆ. ಇಣುಕದೆ ಮೆಟ್ಟಿಲಿಳಿದೆ.

ಆಫೀಸು ನೂರಡಿ ರಸ್ತೆಯಿಂದ ಒಂದು ಅಡ್ಡರಸ್ತೆ ಒಳಗೆ, ಯಾರದೋ ಹಳೆಯ ಮನೆಯಲ್ಲಿ. ಮೀಟಿಂಗಿನ ಕೋಣೆ ಹಿಂದೆ ಅಡುಗೆಮನೆಯಾಗಿತ್ತೆಂದು ಒಳಗೆ ಕಾಲಿಟ್ಟ ಕೂಡಲೇ ತಿಳಿಯಿತು. ಕಡಪ ಕಲ್ಲಿನ ಕಟ್ಟೆ ಹಾಗೇ ಇತ್ತು, ಅದರ ಮೇಲೆ ಕಾಫಿ ಯಂತ್ರ. ಮೇಲೆ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನಿದ್ದ ದುಂಡನೆಯ ಜಾಗಕ್ಕೆ ಹಲಗೆ ಹೊಡೆದು ಬಿಳಿ ಬಣ್ಣ ಬಳಿದಿದ್ದರು. ಎಣ್ಣೆಯ ಕಲೆ ಮಾತ್ರ ಬಣ್ಣದ ಕೆಳಗಿನಿಂದ ಹಳದಿಯಾಗಿ ಎದ್ದು ಬಂದಿತ್ತು.

ಕಂಪನಿಯ ಯಜಮಾನನಿಗೆ ಮೂವತ್ತೆರಡೋ ಮೂವತ್ತಮೂರೋ ಇರಬಹುದು. ಕೆಟ್ಟವನಲ್ಲ, ನನಗೆ ಕುರ್ಚಿ ಎಳೆದುಕೊಟ್ಟ. ಕೋಪ ಬಂದವರಿಗೆ ಎದುರಿನವರು ಒಳ್ಳೆಯವರಾಗಿದ್ದರೆ ಬಹಳ ಕಷ್ಟ.

"ಆಂಟಿ, ಫಸ್ಟ್ ಥ್ಯಾಂಕ್ಸ್. ನಿಮ್ ಡಬ್ಬಿ ಐಡಿಯಾ ಎಲ್ರಿಗೂ ತುಂಬಾ ಹಿಡಿಸಿದೆ. ನಾವು ಅದನ್ನ ಪರ್ಮನೆಂಟ್ ಮಾಡಿದೀವಿ, ಅಷ್ಟೇ."

"ಡಬ್ಬಿ ಪರ್ಮನೆಂಟೇ ಇತ್ತಪ್ಪ. ಸ್ಟೀಲು."

ಮಗಳ ಪಕ್ಕ ಕೂತಿದ್ದ ಹುಡುಗಿ ನಕ್ಕಳು. ಅವನೂ ನಕ್ಕು ಗೋಡೆಯ ಪರದೆ ಹಚ್ಚಿದ. ಒಂದೊಂದು ಡಬ್ಬಿಗೂ ಈಗ ಒಬ್ಬ ಒಡೆಯನಿದ್ದಾನೆ ಎಂದ. ಅದರ ಹಾಗೆ ಇನ್ನೊಂದು ಡಬ್ಬಿ ಲೋಕದಲ್ಲೇ ಇರುವುದಿಲ್ಲವಂತೆ. ಎಷ್ಟು ಮನೆ ಸುತ್ತಿತು, ಯಾರು ಏನು ತುಂಬಿದರು ಎಂಬ ಚರಿತ್ರೆ ಅದರ ಜೊತೆಗೇ ಹೋಗುತ್ತದೆ. ಒಮ್ಮೆಯೂ ಖಾಲಿ ಹೋಗದ ಡಬ್ಬಿಗೆ ಬೆಲೆ ಜಾಸ್ತಿ, ಬೇಕಾದವರು ಮಾರಿಕೊಳ್ಳಬಹುದು. ಖಾಲಿ ಹೋದ ಡಬ್ಬಿಗೆ ಬೆಲೆ ಇಳಿಯುತ್ತದೆ. ಹಾಗಾಗಿ ಯಾರ ಮನೆಗೆ ಕಳಿಸಬಾರದೆಂದು ಆಟವೇ ಮೊದಲು ಎಚ್ಚರಿಸುತ್ತದೆ.

"ಮಾರೋದು ಅಂದ್ರೆ? ಪಕ್ಕದ ಮನೆಯಿಂದ ಬಂದ ಡಬ್ಬಿನ?"

"ಆಟಗಾರರಿಗೆ ಓನರ್‌ಶಿಪ್ ಬೇಕು ಆಂಟಿ. ಇದು ನಂದು ಅನ್ನೋ ಫೀಲಿಂಗ್."

ನನ್ನ ಅಡುಗೆಮನೆಯ ಹಲಗೆ ಕಣ್ಣ ಮುಂದೆ ಬಂತು. ಅಲ್ಲಿರುವ ಒಂದೊಂದು ಡಬ್ಬಿಯ ಮೇಲೂ ಹೆಸರಿದೆ. ಪಾತ್ರೆ ಅಂಗಡಿಯವನು ಆ ಗಿರ್ರೆನ್ನುವ ಸೂಜಿಯಂತ್ರದಲ್ಲಿ ಕೊರೆದುಕೊಟ್ಟ ಹೆಸರು. ಅರ್ಧಕ್ಕರ್ಧ ಡಬ್ಬಿ ನನ್ನವಲ್ಲ. ಒಂದರ ಮೇಲೆ ಕೆಳಗಿನ ಮನೆಯವರ ಅಮ್ಮನ ಹೆಸರಿದೆ, ಒಂದರ ಮೇಲೆ ಎಂದೋ ಹೊರಮಾವಿಗೆ ಮನೆ ಬದಲಾಯಿಸಿದವರದು. ನನ್ನ ಹೆಸರಿನವು ಈಗ ಎಲ್ಲೆಲ್ಲಿವೆಯೋ. ಹೆಸರು ಕೊರೆಸಿದರೂ ನಿಲ್ಲದೆ ಓಡಾಡುವ ಪಾತ್ರೆ ಅದು. ಇದನ್ನು ಅವನಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾನು ಬಂದ ಕೆಲಸಕ್ಕೇ ಬಂದೆ.

"ನಮ್ಮ ಎದುರುಮನೆಯವರ ಹೆಸರಿನ ಮುಂದೆ ಖಾಲಿ ಅಂತ ಇದೆಯಲ್ಲ, ಅದನ್ನ ಅಳಿಸ್ಬೇಕು. ದಯವಿಟ್ಟು."

"ಅಳಿಸೋಕಾಗಲ್ಲ ಆಂಟಿ. ಅದೇ ಇದರ ಸ್ಪೆಷಾಲಿಟಿ. ನಾನು ಅಳಿಸೋಕಾಗಲ್ಲ, ನಿಮ್ ಮಗಳೂ ಅಳಿಸೋಕಾಗಲ್ಲ. ಹೊಸ ಸಾಲು ಸೇರಿಸ್ಬಹುದು, ಹಳೇದನ್ನ ಮುಟ್ಟೋಕಾಗಲ್ಲ. ಅದಕ್ಕೇ ಜನ ನಂಬೋದು."

"ಆಕೆ ಸೂತಕದಲ್ಲಿದ್ರು."

ಅವನಿಗೆ ಅರ್ಥವಾಗಲಿಲ್ಲ. ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಎರಡೇ ವಾಕ್ಯದಲ್ಲಿ ಮುಗಿಯಿತು. ಅವನ ಮುಖ ನಿಜಕ್ಕೂ ಬಾಡಿತು. "ಅಯ್ಯೋ, ಸಾರಿ ಆಂಟಿ. ಅದು ಎಡ್ಜ್ ಕೇಸ್."

"ಏನು ಹಾಗಂದ್ರೆ?"

"ಅಪರೂಪಕ್ಕೆ ಆಗೋದು ಅಂತಮ್ಮ," ಎಂದಳು ಮಗಳು.

"ಸಾವು ಅಪರೂಪವಾ?" ಎಂದು ಕೇಳಿದೆ. ಕಾಫಿ ಯಂತ್ರ ತನ್ನಷ್ಟಕ್ಕೆ ಗೊರಗೊರ ಎನ್ನುತ್ತಿತ್ತು.

ಆಗ ಅವನಿಗೆ ಒಂದು ಯೋಚನೆ ಹೊಳೆಯಿತು. ಹೊಳೆದದ್ದು ಕಣ್ಣಿನಲ್ಲೇ ಕಂಡಿತು. "ಒಂದು ಕೆಲ್ಸ ಮಾಡೋಣ. ಮುಂದಿನ ವರ್ಷನ್‌ನಲ್ಲಿ ಸೂತಕ ಮೋಡ್ ಅಂತ ಕೊಡೋಣ. ಮನೇಲಿ ಡೆತ್ ಆದ್ರೆ ಡೆತ್ ಸರ್ಟಿಫಿಕೇಟ್ ಅಪ್‌ಲೋಡ್ ಮಾಡ್ಬೇಕು, ವೆರಿಫೈ ಆದ್ಮೇಲೆ ಹನ್ನೊಂದು ದಿನ ಖಾಲಿ ಅಂತ ತೋರ್ಸಲ್ಲ. ಇಲ್ಲಾಂದ್ರೆ ಎಲ್ರೂ ಸುಳ್ಳು ಹೇಳ್ತಾರಲ್ವಾ."

ಪಕ್ಕದಲ್ಲಿ ನನ್ನ ಮಗಳು ಅದನ್ನು ಬರೆದುಕೊಳ್ಳುತ್ತಿದ್ದಳು. ಸಕ್ಕರೆ, ಕರಿಬೇವು ಎಂದು ಬರೆದುಕೊಂಡಿದ್ದ ಅದೇ ನೋಟ್‌ಬುಕ್ಕು. ಸೂತಕ ಮೋಡ್ ಎಂದು ಬರೆದು ಅಡಿಗೆರೆ ಎಳೆದಳು. ಆ ಗೆರೆಯನ್ನು ನೋಡಿದಾಗ ನನಗೆ ಬಂದಷ್ಟು ಸಿಟ್ಟು ಅವನ ಮಾತಿಗೂ ಬಂದಿರಲಿಲ್ಲ.

ನಾನು ಓದಿದ್ದು ದಂಡು ಪ್ರದೇಶದ ಕಾನ್ವೆಂಟಿನಲ್ಲಿ, ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ದೂರ. ದನಿ ಏರಿಸಬಾರದು, ಬೆರಳು ತೋರಿಸಬಾರದು, ಕೋಪ ಬಂದರೆ ಹತ್ತರವರೆಗೆ ಎಣಿಸಬೇಕು. ಸಿಸ್ಟರ್‌ಗಳು ಕಲಿಸಿದ್ದನ್ನು ಮದುವೆಯಾಗಿ ಇಷ್ಟು ವರ್ಷವಾದರೂ ಪಾಲಿಸಿಕೊಂಡು ಬಂದಿದ್ದೇನೆ. ಎಣಿಸಿದೆ. ಹತ್ತಾದರೂ ಇಳಿಯಲಿಲ್ಲ. ಮಾತು ಮಾತ್ರ ಮೆತ್ತಗೇ ಹೊರಟಿತು.

"ನೋಡಪ್ಪ, ನಮ್ಮ ಸ್ಕೂಲಲ್ಲಿ ಒಂದು ಕಪ್ಪು ರಟ್ಟಿನ ಪುಸ್ತಕ ಇತ್ತು. ಕ್ಲಾಸಲ್ಲಿ ಕನ್ನಡ ಮಾತಾಡಿದ್ರೆ, ಶೂ ಪಾಲಿಶ್ ಇಲ್ದಿದ್ರೆ, ಅದ್ರಲ್ಲಿ ನಮ್ಮ ಹೆಸರು ಬರೀತಿದ್ರು. ನಂದು ಎಷ್ಟೋ ಸಲ ಬಂದಿತ್ತು. ತುಂಬಾ ಸ್ಟ್ರಿಕ್ಟು ಆ ಸಿಸ್ಟರು, ಅವರನ್ನ ಕಂಡ್ರೆ ನಡುಗ್ತಿದ್ವಿ. ಆದ್ರೆ ದೊಡ್ಡ ರಜಕ್ಕೆ ಮುಂಚೆ ಆ ಪುಸ್ತಕನ ಅವರೇ ಹಳೇ ಪೇಪರಿನವನಿಗೆ ಹಾಕಿಬಿಡ್ತಿದ್ರು. ಜೂನಲ್ಲಿ ಹೊಸ ಪುಸ್ತಕ. ಅಷ್ಟು ಕಟ್ಟುನಿಟ್ಟಿನವರಿಗೇ ಅದನ್ನ ಇಟ್ಕೊಂಡಿರ್ಬಾರದು ಅಂತ ಗೊತ್ತಿತ್ತು."

"ಅದು ಪೇಪರ್ ಆಂಟಿ," ಎಂದ ಅವನು ಸಮಾಧಾನದ ದನಿಯಲ್ಲಿ.

"ನಾವು ಮರೀತೀವಿ, ಅದಕ್ಕೇ ಡಬ್ಬಿ ಓಡಾಡತ್ತೆ. ಯಾರು ಸಕ್ಕರೆ ಹಾಕಿದ್ರು, ಯಾರು ತುಪ್ಪದುಂಡೆ ಹಾಕಿದ್ರು ಅಂತ ನಾನು ಬರೆದಿಟ್ಕೊಂಡಿದ್ರೆ ನಮ್ಮ ಬೀದೀಲಿ ಯಾವ ಬಾಗಿಲೂ ತೆಗೀತಿರಲಿಲ್ಲ."

ಅವನು ತಲೆಯಾಡಿಸಿದ. ಬೇಕಾದರೆ ಆಟದ ಒಳಗೆ ಆ ಸಾಲುಗಳು ಕಾಣದ ಹಾಗೆ ಮಾಡಬಹುದು ಎಂದ. ಆದರೆ ಚೈನಿನಲ್ಲಿ ಇದ್ದೇ ಇರುತ್ತವೆ, ಹುಡುಕಿದವರಿಗೆ ಸಿಗುತ್ತವೆ. ತೋರಿಸಲೆಂದೇ ಪಟ್ಟಿಯನ್ನು ಕೆಳಗೆ ಸರಿಸಿದ. ಸರಿಯುತ್ತಾ ಸರಿಯುತ್ತಾ ನನ್ನ ಹೆಸರೂ ಬಂತು. ಅದೂ ಬ್ಯಾಂಕಿನ ಅರ್ಜಿಯ ಹಾಗೆ, ಗಂಡನ ಹೆಸರಿನ ಸಮೇತ. ಅದರ ಮುಂದೆ: 'ಶಿಫಾರಸು ಒಪ್ಪಿ ಈ ಮನೆಯನ್ನು ಬಿಟ್ಟಿದ್ದಾರೆ.' ಆ ಮನೆ ಯಾವುದೆಂದು ಪಕ್ಕದಲ್ಲೇ ಇತ್ತು.

"ನಾನು ಯಾವಾಗ ಬಿಟ್ಟೆ?"

ಮಗಳು ತಗ್ಗಿದ ದನಿಯಲ್ಲಿ ಹೇಳಿದಳು: "ಆಂಟಿ ಅತ್ತೆ ಹೋದ ಐದನೇ ದಿನ ಒಂದು ಮೆಸೇಜ್ ಬಂದಿರತ್ತೆ ಅಮ್ಮ. ಈ ಮನೆಯಿಂದ ಡಬ್ಬಿ ಖಾಲಿ ಬರ್ತಿದೆ, ಮುಂದಿನ ಮನೆಗೆ ಕಳಿಸೋಣ್ವಾ ಅಂತ. ನೀನು ಸರಿ ಅಂತ ಒತ್ತಿದೀಯ."

ಒತ್ತಿದ್ದೆ. ನೆನಪಾಯಿತು. ಒಲೆಯ ಮೇಲೆ ಹಾಲಿತ್ತು, ಉಕ್ಕುವುದರಲ್ಲಿತ್ತು. ಓದದೆ ಒತ್ತಿ ಫೋನ್ ಕೆಳಗಿಟ್ಟು ಓಡಿದ್ದೆ. ಆಮೇಲೆ ಅದೇ ಕೈಯಲ್ಲಿ ಇಡ್ಲಿ ಡಬ್ಬಿ ಹಿಡಿದು ನಾಲ್ಕು ಹೆಜ್ಜೆ ನಡೆದು ಅವರ ಬಾಗಿಲಿಗೆ ಹೋಗಿದ್ದೆ. ಹೋದದ್ದು ಎಲ್ಲೂ ಬರೆದಿಲ್ಲ. ಹೋಗಲಿಲ್ಲವೆಂದು ಮಾತ್ರ ಸಾವಿರ ಕಂಪ್ಯೂಟರಿನಲ್ಲಿ ಬರೆದಿದೆ.

ಎದ್ದು ನಿಂತೆ. ಅವರು ಕೊಟ್ಟ ಕಾಫಿ ಲೋಟದಲ್ಲಿ ಹಾಗೇ ಇತ್ತು. ಕೊಟ್ಟದ್ದನ್ನು ಮುಟ್ಟದೆ ಬಿಟ್ಟು ಬಂದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಬಾಗಿಲಲ್ಲಿ ಅವನು, "ಫೀಡ್‌ಬ್ಯಾಕ್ ತುಂಬಾ ಉಪಯೋಗ ಆಯ್ತು ಆಂಟಿ," ಎಂದ.

ಮಗಳೂ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ಆಟೋ ಸಿಗ್ನಲ್ ದಾಟಿತು.

"ಬರೆದುಕೊಂಡೆಯಲ್ಲ," ಎಂದೆ.

"ಏನನ್ನ?"

"ಸೂತಕ ಮೋಡ್."

"ಅದು ನನ್ನ ಕೆಲಸ ಅಮ್ಮ. ಮೀಟಿಂಗಲ್ಲಿ ಹೇಳಿದ್ದನ್ನ ಬರ್ಕೋಬೇಕು."

"ಅಡಿಗೆರೆ ಹಾಕಿದೆ."

ಅವಳು ಮುಖ ತಿರುಗಿಸಿದಳು. "ನಾನು ಜಗಳ ಆಡಿಲ್ಲ ಅನ್ಕೊಂಡಿದೀಯಾ? ಮೂರು ಸಲ ಹೇಳಿದೀನಿ, ಮರೆಯೋ ಡಬ್ಬಿನೇ ನನ್ನ ಆಟ ಅಂತ. ಮರೆಯೋದನ್ನ ಯಾರು ಕೊಂಡ್ಕೋತಾರೆ ಅಂದ್ರು. ಏನ್ ಹೇಳ್ಲಿ ಅದಕ್ಕೆ?" ಮತ್ತೆ ನನ್ನ ಕಡೆ ತಿರುಗಿ, "ಎದುರುಮನೆ ಆಂಟಿಗೆ ನಾನೇ ಹೇಳ್ತೀನಿ. ಆಡಿ ಅಂತ ಕೇಳ್ಕೊಂಡಿದ್ದು ನಾನಲ್ವಾ," ಎಂದಳು. ಮೂಗು ಕೆಂಪಾಗಿತ್ತು. ಚಿಕ್ಕವಳಿದ್ದಾಗ ಡಬ್ಬಿ ಬೀಳಿಸಿಕೊಂಡು ಬಂದ ದಿನವೂ ಅದು ಹೀಗೇ ಕೆಂಪಾಗುತ್ತಿತ್ತು. ನಾನು ಅವಳ ಕೈ ಹಿಡಿಯಲಿಲ್ಲ. ಹಿಡಿಯಬಹುದಿತ್ತು. ಸಿಟ್ಟು ಇನ್ನೂ ಇತ್ತು, ಅವಳ ಮೇಲಿನದು ಯಾವುದು, ನನ್ನ ಮೇಲಿನದು ಯಾವುದು ಎಂದು ಬೇರೆ ಮಾಡಲಾಗುತ್ತಿರಲಿಲ್ಲ.

ಮಧ್ಯಾಹ್ನವೆಲ್ಲ ಪಾತ್ರೆ ಉಜ್ಜಿದೆ. ತೊಳೆದಿಟ್ಟಿದ್ದನ್ನೇ ಮತ್ತೆ ಉಜ್ಜಿದೆ. ಹೇಗೆ ಹೇಳುವುದು? ನಿಮ್ಮ ಹೆಸರು ಒಂದು ಕಡೆ ಇದೆ, ಯಾರೂ ಅಳಿಸಲಾರರು, ಅತ್ತೆ ಸತ್ತ ವಾರ ನೀವು ಮರ್ಯಾದೆಯಿಂದ ನಡೆದುಕೊಂಡಿರಿ ಎಂಬ ಕಾರಣಕ್ಕೆ. ಜೊತೆಗೆ ನನ್ನ ಹೆಸರೂ ಇದೆ, ನಿಮ್ಮ ಮನೆ ದಾಟಿ ಹೋದವಳೆಂದು. ವಾಕ್ಯವನ್ನು ಹೇಗೆ ತಿರುಗಿಸಿದರೂ ಕ್ಷಮೆ ಕೇಳಬೇಕಾದ ಹುಡುಗ ಅದರೊಳಗೆ ಸಿಗುತ್ತಿರಲಿಲ್ಲ, ನಾವಿಬ್ಬರು ಹೆಂಗಸರೇ ಉಳಿಯುತ್ತಿದ್ದೆವು.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಅವರೇ ನಿಂತಿದ್ದರು. ಎಣ್ಣೆ ನೀರು ಕಂಡ ತಲೆ, ಇಸ್ತ್ರಿ ಮಾಡಿದ ಹತ್ತಿ ಸೀರೆ. ಹನ್ನೊಂದು ದಿನದಲ್ಲಿ ಕುತ್ತಿಗೆಯ ಮೂಳೆ ಎದ್ದು ಕಾಣುವಷ್ಟು ಇಳಿದಿದ್ದರು. ಎರಡೂ ಕೈಯಲ್ಲಿ ಡಬ್ಬಿ.

"ತಗೊಳ್ಳಿ, ಹೆಸರುಬೇಳೆ ಪಾಯಸ. ಬೆಲ್ಲ ಸ್ವಲ್ಪ ಮುಂದಾಯ್ತು. ಇಷ್ಟು ದಿನ ಖಾಲಿ ಖಾಲಿ ಇಟ್ಟು ನನಗೇ ಒಂಥರಾ ಆಗಿತ್ತು."

ಡಬ್ಬಿ ಬಿಸಿಯಾಗಿತ್ತು. ಸೆರಗಿನಲ್ಲಿ ಹಿಡಿದು ನೋಡಿದೆ. ಕೊರೆದ ಹೆಸರು ನನ್ನದೂ ಅಲ್ಲ, ಅವರದೂ ಅಲ್ಲ. ಒಳಗಿನಿಂದ ಮಗಳು ಬಂದು ನನ್ನ ಹಿಂದೆ ನಿಂತಳು.

"ಆಂಟಿ, ಆ ಆಟದ ವಿಷಯ ಒಂದು ಹೇಳ್ಬೇಕಿತ್ತು," ಎಂದು ಶುರು ಮಾಡಿದಳು. ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವರು ನಾಲ್ಕು ಹೆಜ್ಜೆಯಲ್ಲಿ ಎರಡನ್ನು ಹಿಂದಕ್ಕೆ ಹಾಕಿ ಆಗಿತ್ತು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದರು.

"ಅಯ್ಯೋ, ಅದನ್ನ ನಾನು ಬೆಳಿಗ್ಗೇನೇ ಡಿಲೀಟ್ ಮಾಡ್ಬಿಟ್ಟೆ ಕಣಮ್ಮ, ಬೇಜಾರ್ ಮಾಡ್ಕೋಬೇಡ. ನಮ್ಮತ್ತೆ ಫೋಟೋ ಇಟ್ಕೊಳ್ಳೋಕೆ ಫೋನಲ್ಲಿ ಜಾಗ ಇರ್ಲಿಲ್ಲ. ಹೋದ್ರೆ ಹೋಯ್ತು ಬಿಡು, ಅದ್ರಲ್ಲಿ ನಂದು ಏನಿತ್ತು, ಬರೀ ಖಾಲಿ ಡಬ್ಬಿ."